ಪ್ರವಾಸ ಮುಗಿಸಿ ಬಂದ ಮೇಲೆ ಮನೆಯಲ್ಲಿ ತಿಗಣೆ: ಮಂಚದ ಕೆಳಗೆ ಮಾತ್ರೆ ಇಡುವ ಮೊದಲು ಇದನ್ನು ಓದಿ

ರಜೆಗೆ ಮನೆಮಂದಿಯೆಲ್ಲ ಊರು ಸುತ್ತಿ ಬಂದಿದ್ದೀರಿ. ಎರಡು ರಾತ್ರಿ ಲಾಡ್ಜ್, ಒಂದು ರಾತ್ರಿ ಸ್ಲೀಪರ್ ಬಸ್ಸು, ಒಂದು ರಾತ್ರಿ ನೆಂಟರ ಮನೆ. ವಾಪಸ್ ಬಂದು ಹತ್ತು ಹದಿನೈದು ದಿನವಾದ ಮೇಲೆ ಮಗಳ ತೋಳಿನ ಮೇಲೆ ಸಾಲಾಗಿ ಮೂರು ದದ್ದು. ಸೊಳ್ಳೆ ಇರಬೇಕು ಎಂದು ಸುಮ್ಮನಾಗುತ್ತೀರಿ. ಇನ್ನೊಂದು ವಾರದಲ್ಲಿ ದಿಂಬಿನ ಪಕ್ಕ ಒಣಗಿದ ರಕ್ತದ ಕಲೆ ಕಾಣುತ್ತದೆ. ಹಾಸಿಗೆಯ ಹೊಲಿಗೆಯಲ್ಲಿ ಶಾಯಿ ಪೆನ್ನಿನಿಂದ ಚುಚ್ಚಿದಂಥ ಕಪ್ಪು ಚುಕ್ಕಿಗಳು. ಹೊಲಿಗೆ ಬಿಡಿಸಿ ನೋಡಿದರೆ ಕೆಂಗಂದು ಬಣ್ಣದ, ಸೇಬಿನ ಬೀಜದಷ್ಟು ದೊಡ್ಡ ಚಪ್ಪಟೆ ಹುಳು ಸರಸರನೆ ಓಡುತ್ತದೆ.

ತಿಗಣೆ. ಉತ್ತರ ಕರ್ನಾಟಕದ ಕಡೆ ತಗಣಿ.

ಆಮೇಲೆ ಬಹಳ ಮನೆಗಳಲ್ಲಿ ನಡೆಯುವುದು ಒಂದೇ. ನಾಚಿಕೆಗೆ ಅಕ್ಕಪಕ್ಕದವರಿಗೆ ಹೇಳುವುದಿಲ್ಲ, ಮೊಬೈಲ್ ತೆರೆಯುತ್ತಾರೆ. ಅಲ್ಲಿ ಉತ್ತರ ಸಿದ್ಧವಾಗಿರುತ್ತದೆ: ಅಕ್ಕಿ ಮೂಟೆಗೆ ಇಡುವ ಮಾತ್ರೆ ನಾಲ್ಕು ತಂದು ಮಂಚದ ಕೆಳಗಿಡಿ, ಬಾಗಿಲು ಹಾಕಿ, ಮರುದಿನ ಒಂದೂ ತಿಗಣೆ ಇರುವುದಿಲ್ಲ. ಇಂಥ ಸಂದೇಶಗಳು ಬೇರೆ ಬೇರೆ ರೂಪದಲ್ಲಿ ಕುಟುಂಬದ ಗುಂಪುಗಳಲ್ಲಿ ಓಡಾಡುತ್ತಲೇ ಇವೆ. ನಾವು ಈ ಲೇಖನ ಬರೆಯಲು ಮುಖ್ಯ ಕಾರಣವೇ ಆ ಮಾತ್ರೆ. ಹಾಗಾಗಿ ತಿಗಣೆಯ ಜೀವನಚರಿತ್ರೆಗಿಂತ ಮೊದಲು ಅದರ ಮಾತನ್ನೇ ಆಡೋಣ.

ಆ ಮಾತ್ರೆ ಏನು ಮಾಡುತ್ತದೆ?

ಅದರ ಹೆಸರು ಅಲ್ಯೂಮಿನಿಯಂ ಫಾಸ್ಫೈಡ್. ಮಾತ್ರೆಯೇ ತಿಗಣೆಯನ್ನು ಕೊಲ್ಲುವುದಿಲ್ಲ. ಗಾಳಿಯಲ್ಲಿರುವ ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ಅನಿಲ ಹೊರಬರುತ್ತದೆ, ಕೊಲ್ಲುವುದು ಅದು. ಗೋದಾಮುಗಳಲ್ಲಿ ಧಾನ್ಯದ ರಾಶಿಗೆ ಟಾರ್ಪಾಲಿನ್ ಮುಚ್ಚಿ, ಅಂಚುಗಳನ್ನು ಮರಳು ಚೀಲದಿಂದ ಬಿಗಿ ಮಾಡಿ, ದಿನಗಟ್ಟಲೆ ಯಾರನ್ನೂ ಹತ್ತಿರ ಬಿಡದೆ ಬಳಸಲೆಂದು ಮಾಡಿದ ವಸ್ತು ಇದು. ಹುಳುವಿನ ಜೀವಕೋಶ ಉಸಿರಾಡುವ ವ್ಯವಸ್ಥೆಯನ್ನು ಅದು ಹೇಗೆ ಕೆಡಿಸುತ್ತದೋ ಮನುಷ್ಯರದ್ದನ್ನೂ ಹಾಗೆಯೇ ಕೆಡಿಸುತ್ತದೆ. ಹೃದಯ ಮತ್ತು ಶ್ವಾಸಕೋಶಕ್ಕೆ ಮೊದಲ ಪೆಟ್ಟು. ಇದಕ್ಕೆ ಪ್ರತಿವಿಷ ಎಂಬುದು ಇಲ್ಲ. ವೈದ್ಯರು ಉಸಿರು, ರಕ್ತದೊತ್ತಡಗಳನ್ನು ಕಾಪಾಡುತ್ತಾ ದೇಹ ತಾನಾಗಿ ಚೇತರಿಸಿಕೊಳ್ಳಲಿ ಎಂದು ಕಾಯಬೇಕು, ಅಷ್ಟೆ.

ಭಾರತದಲ್ಲಿ ಇದು ನಿರ್ಬಂಧಿತ ಕೀಟನಾಶಕ. ಸರ್ಕಾರಿ ಸಂಸ್ಥೆಗಳು, ಅಥವಾ ಮಾನ್ಯತೆ ಪಡೆದ ತಜ್ಞರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಕೀಟ ನಿಯಂತ್ರಕರು ಮಾತ್ರ ಬಳಸಬೇಕೆಂಬುದು ನಿಯಮ. ಆದರೂ ಅಂಗಡಿಯಲ್ಲಿ ಪರಿಚಯದ ಮೇಲೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು.

ಮಂಚದ ಕೆಳಗಿಟ್ಟ ಮಾತ್ರೆಯ ಅನಿಲ ಆ ಕೋಣೆಯಲ್ಲೇ ಉಳಿಯುವುದಿಲ್ಲ. ಬಾಗಿಲ ಸಂದಿ, ವೈರಿಂಗ್ ಪೈಪು, ಬಚ್ಚಲಿನ ಗಾಳಿಕಿಂಡಿ, ಗೋಡೆಯ ಬಿರುಕು, ಎಲ್ಲಿ ದಾರಿ ಇದೆಯೋ ಅಲ್ಲಿ ನುಸುಳುತ್ತದೆ. ನೀವು ಮಾತ್ರೆ ಇಟ್ಟು ಊರಿಗೆ ಹೋಗಿರುತ್ತೀರಿ, ಪಕ್ಕದ ಮನೆಯವರು ಮಲಗಿರುತ್ತಾರೆ. 2025ರ ನವೆಂಬರ್‌ನಲ್ಲಿ ಜರ್ಮನಿಯಿಂದ ಇಸ್ತಾಂಬುಲ್‌ಗೆ ಪ್ರವಾಸ ಬಂದಿದ್ದ ದಂಪತಿ ಮತ್ತು ಅವರ ಇಬ್ಬರು ಪುಟ್ಟ ಮಕ್ಕಳು, ನಾಲ್ವರೂ ತೀರಿಕೊಂಡರು. ರಸ್ತೆ ಬದಿ ತಿಂದ ಆಹಾರದ ಮೇಲೆ ಮೊದಲು ಅನುಮಾನ ಬಂತು. ಆಮೇಲೆ ಗೊತ್ತಾಗಿದ್ದು, ಅವರು ತಂಗಿದ್ದ ಹೋಟೆಲಿನ ಕೆಳಮಹಡಿಯ ಕೋಣೆಯೊಂದಕ್ಕೆ ತಿಗಣೆ ಔಷಧ ಹಾಕಲಾಗಿತ್ತು. ವಿಧಿವಿಜ್ಞಾನ ವರದಿ ಬೊಟ್ಟು ಮಾಡಿದ್ದು ಫಾಸ್ಫೀನ್ ಕಡೆಗೆ.

ಅಷ್ಟು ದೂರ ಹೋಗುವುದೂ ಬೇಡ. 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಕುಟುಂಬ ಊರಿಗೆ ಹೋಗಿದ್ದಾಗ ಮನೆಗೆ ಕೀಟನಾಶಕ ಸಿಂಪಡಿಸಲಾಗಿತ್ತು. ಬೆಳಗಿನ ಜಾವ ಪ್ರಯಾಣ ಮುಗಿಸಿ ಬಂದವರು ಮನೆಯೊಳಗೆ ವಿಶ್ರಾಂತಿಗೆ ಮಲಗಿದರು. ಎಂಟು ವರ್ಷದ ಮಗಳು ಉಳಿಯಲಿಲ್ಲ, ತಂದೆ ತಾಯಿ ಆಸ್ಪತ್ರೆ ಸೇರಿದರು ಎಂದು ಪತ್ರಿಕೆಗಳು ವರದಿ ಮಾಡಿದ್ದವು.

ಇಲ್ಲಿ ಒಂದು ವಿಷಯವನ್ನು ನೆನಪಿನಲ್ಲಿಡಿ. ಫಾಸ್ಫೀನ್ ಸೋಕಿದಾಗ ಮೊದಲು ಕಾಣುವುದು ವಾಂತಿ, ಹೊಟ್ಟೆನೋವು, ತಲೆಸುತ್ತು, ಎದೆ ಬಿಗಿತ. ಪ್ರವಾಸದಿಂದ ಬಂದವರಿಗೆ ಹೀಗಾದರೆ ‘ದಾರಿಯಲ್ಲಿ ತಿಂದದ್ದು ಆಗಿಬರಲಿಲ್ಲ’ ಎಂದುಕೊಂಡು ಶುಂಠಿ ಕಷಾಯ ಕುಡಿದು ಅದೇ ಕೋಣೆಯಲ್ಲಿ ಮಲಗುವುದು ಸಹಜ. ಅದೇ ಅಪಾಯ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಔಷಧ ಹಾಕಿದ ಅನುಮಾನವಿದ್ದು, ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೆ ವಾಂತಿಯಾಗುತ್ತಿದ್ದರೆ ತಕ್ಷಣ ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ, ವೈದ್ಯರಿಗೆ ‘ತಿಗಣೆ ಮಾತ್ರೆ ಇಟ್ಟಿದ್ದರು’ ಎಂದು ಬಾಯಿಬಿಟ್ಟು ಹೇಳಿ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಇದರ ಗುರುತು. ಆದರೆ ವಾಸನೆ ಬರಲಿಲ್ಲವೆಂದು ಧೈರ್ಯ ತಂದುಕೊಳ್ಳಬೇಡಿ, ಅದು ನಂಬಬಹುದಾದ ಎಚ್ಚರಿಕೆ ಅಲ್ಲ.

ಇಷ್ಟೆಲ್ಲ ಆಗಿಯೂ ತಿಗಣೆಯಿಂದ ರೋಗ ಹರಡುತ್ತದೆಯೇ? ಇಲ್ಲ. ಈ ಅಂಶ ಫಾರ್ವರ್ಡ್‌ಗಳಲ್ಲಿ ಎಲ್ಲೂ ಬರುವುದಿಲ್ಲ. ಸೊಳ್ಳೆ ಡೆಂಗಿ, ಮಲೇರಿಯಾ ತರುವಂತೆ ತಿಗಣೆ ಮನುಷ್ಯರಿಗೆ ಯಾವುದೇ ರೋಗ ದಾಟಿಸಿದ್ದು ಸಾಬೀತಾಗಿಲ್ಲ, ಎಚ್‌ಐವಿ ಕೂಡ. ತುರಿಕೆ, ಕೆರೆದು ಆಗುವ ಗಾಯ, ನಿದ್ದೆಗೇಡು, ಮನಸ್ಸಿನ ಕಿರಿಕಿರಿ, ಕೆಲವರಿಗೆ ಅಲರ್ಜಿ: ಇಷ್ಟು. ಕಡಿಮೆ ತೊಂದರೆ ಎಂದು ನಾವು ಹೇಳುತ್ತಿಲ್ಲ. ವಾರಗಟ್ಟಲೆ ನಿದ್ದೆಗೆಟ್ಟವರಿಗೆ ಅದರ ಕಷ್ಟ ಗೊತ್ತು. ಆದರೆ ತುರಿಕೆ ತರುವ ಹುಳುವಿಗೆ ಪ್ರಾಣ ತೆಗೆಯುವ ಅನಿಲ ಬಿಡುವುದು ಯಾವ ಲೆಕ್ಕದಲ್ಲೂ ಹೊಂದುವ ವ್ಯವಹಾರವಲ್ಲ.

ನಮ್ಮ ಮನೆ ಅಷ್ಟು ಗಲೀಜೇ?

ನಾಚಿಕೆಯ ಮೂಲ ಈ ಪ್ರಶ್ನೆ. ತಿಗಣೆಗೆ ಬೇಕಿರುವುದು ಕೊಳೆಯಲ್ಲ, ರಕ್ತ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಮೈವಾಸನೆ ಹಿಡಿದು ಅದು ಬರುತ್ತದೆ. ಪಂಚತಂತ್ರದಲ್ಲಿ ತಿಗಣೆಯೊಂದು ಅತಿಥಿಯಾಗಿ ಬರುವುದು ರಾಜನ ಹಾಸಿಗೆಗೇ. 2023ರ ಶರತ್ಕಾಲದಲ್ಲಿ ಪ್ಯಾರಿಸ್ ನಗರ ತಿಗಣೆಯ ಗಾಬರಿಯಲ್ಲಿ ಪ್ರಪಂಚದ ಸುದ್ದಿಯಾಗಿತ್ತು. ಸಾಮಾನು ಹೆಚ್ಚು ತುಂಬಿದ ಮನೆಯಲ್ಲಿ ಅವಿತುಕೊಳ್ಳಲು ಜಾಗ ಹೆಚ್ಚು, ಹುಡುಕುವುದು ಕಷ್ಟ ಎಂಬುದಷ್ಟೇ ನಿಜ.

ನಮ್ಮಲ್ಲಿ ಹೆಚ್ಚಾಗಿ ಇರುವುದು ಬಿಸಿಲು ನಾಡಿನ ಜಾತಿ, ಸೈಮೆಕ್ಸ್ ಹೆಮಿಪ್ಟೆರಸ್. ಯುರೋಪ್, ಅಮೆರಿಕದ ಸುದ್ದಿಗಳಲ್ಲಿ ಬರುವುದು ಬಹುಪಾಲು ಅದರ ಅಣ್ಣ, ಸೈಮೆಕ್ಸ್ ಲೆಕ್ಟುಲೇರಿಯಸ್. ಎರಡಕ್ಕೂ ರೆಕ್ಕೆಯಿಲ್ಲ, ಹಾರಲಾರವು, ನೆಗೆಯಲಾರವು. ನಡೆಯುತ್ತವೆ, ಮತ್ತು ಸವಾರಿ ಮಾಡುತ್ತವೆ. ಹಳೆಯ ಟೂರಿಂಗ್ ಟಾಕೀಸಿನ ಕುರ್ಚಿಯಿಂದ ಮನೆಗೆ ತಂದವರಿದ್ದರು, ಈಗ ಟ್ರಾಲಿ ಬ್ಯಾಗ್ ಆ ಕೆಲಸ ಮಾಡುತ್ತದೆ.

ಬ್ಯಾಗಿನೊಳಗೆ ಏಕೆ ಹೋಗುತ್ತದೆ ಎಂಬುದರ ಬಗ್ಗೆ ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಒಂದು ಸರಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದೇ ಕೋಣೆಯಲ್ಲಿ ಒಗೆದ ಬಟ್ಟೆಯ ಚೀಲ, ತೊಟ್ಟು ಬಿಟ್ಟ ಬಟ್ಟೆಯ ಚೀಲ ಇಟ್ಟು ತಿಗಣೆ ಬಿಟ್ಟರು. ತೊಟ್ಟ ಬಟ್ಟೆಯ ಚೀಲಕ್ಕೆ ಸುಮಾರು ಎರಡು ಪಟ್ಟು ಹೆಚ್ಚು ತಿಗಣೆ ಸೇರಿದವು. ಬಟ್ಟೆಗೆ ಅಂಟಿದ ಮೈವಾಸನೆ ಅವಕ್ಕೆ ಮಲಗಿದ ಮನುಷ್ಯನಂತೆಯೇ. ಲಾಡ್ಜಿನ ನೆಲದ ಮೇಲೆ ತೆರೆದ ಬ್ಯಾಗಿನಲ್ಲಿ ನಿನ್ನೆಯ ಶರ್ಟು ಎಸೆದಿಟ್ಟರೆ ಆಹ್ವಾನ ಪತ್ರ ಕೊಟ್ಟ ಹಾಗೆ. ಅದನ್ನೇ ಗಟ್ಟಿಯಾಗಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಅಪಾಯ ಬಹಳಷ್ಟು ಕಡಿಮೆ.

ಇನ್ನೊಂದು ಗೊಂದಲ, ದಿನಾಂಕದ್ದು. ಮೊದಲ ಸಲ ಕಚ್ಚಿಸಿಕೊಂಡವರ ಚರ್ಮ ಪ್ರತಿಕ್ರಿಯಿಸಲು ಕೆಲವು ದಿನ, ಕೆಲವೊಮ್ಮೆ ಎರಡು ವಾರವೂ ಬೇಕು. ಕೆಲವರಿಗೆ ದದ್ದು ಏಳುವುದೇ ಇಲ್ಲ. ಒಂದೇ ಹಾಸಿಗೆಯಲ್ಲಿ ಹೆಂಡತಿಗೆ ತುರಿಕೆ, ಗಂಡನಿಗೆ ಏನೂ ಇಲ್ಲ. ‘ನಿನಗೆ ಬರೀ ಭ್ರಮೆ’ ಎಂಬ ಜಗಳಕ್ಕೆ ಇಷ್ಟು ಸಾಕು. ದದ್ದು ನೋಡಿ ತಿಗಣೆ ಎಂದು ನಿರ್ಧರಿಸಬೇಡಿ, ತಿಗಣೆಯನ್ನೋ ಅದರ ಗುರುತನ್ನೋ ಕಣ್ಣಾರೆ ನೋಡಿ ನಿರ್ಧರಿಸಿ. ರಾತ್ರಿ ಎದ್ದು ಟಾರ್ಚ್ ಹಿಡಿದು ಹಾಸಿಗೆಯ ಹೊಲಿಗೆ, ಮಂಚದ ಕೀಲು, ತಲೆಯ ಕಡೆಯ ಹಲಗೆ, ಸ್ಕ್ರೂ ರಂಧ್ರ, ಪರದೆಯ ಮಡಿಕೆ, ಗೋಡೆಯ ಸ್ವಿಚ್ ಬೋರ್ಡಿನ ಅಂಚು ನೋಡಿ. ಮರಿಗಳು ಸಾಸಿವೆಗಿಂತ ಚಿಕ್ಕವು, ಬಿಳಿಚಿಕೊಂಡಿರುತ್ತವೆ. ಪೊರೆ ಕಳಚಿದ ಹಳದಿ ಸಿಪ್ಪೆಗಳೂ ಸಿಗಬಹುದು.

ಒಂದು ರಾತ್ರಿಯಲ್ಲಿ ಏಕೆ ಮುಗಿಯುವುದಿಲ್ಲ

ಹೆಣ್ಣು ತಿಗಣೆ ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆ, ಮರಕ್ಕೆ ಅಂಟಿಕೊಂಡಿರುತ್ತದೆ, ಆರರಿಂದ ಹತ್ತು ದಿನದಲ್ಲಿ ಒಡೆಯುತ್ತದೆ. ಮರಿ ಐದು ಸಲ ಪೊರೆ ಬಿಡಬೇಕು, ಪ್ರತಿ ಸಲವೂ ಒಂದು ಊಟ ರಕ್ತ ಬೇಕು. ನಮ್ಮ ಹವೆಯಲ್ಲಿ ಐದಾರು ವಾರದಲ್ಲಿ ಅದೂ ಮೊಟ್ಟೆ ಇಡಲು ಸಿದ್ಧ. ಸಾಮಾನ್ಯ ಸಿಂಪಡಣೆಗಳಲ್ಲಿ ಹೆಚ್ಚಿನವು ಮೊಟ್ಟೆಗೆ ಏನೂ ಮಾಡುವುದಿಲ್ಲ. ಇಂದು ದೊಡ್ಡವನ್ನೆಲ್ಲ ಕೊಂದರೂ ಮುಂದಿನ ವಾರ ಹೊಸ ಪಡೆ ಬರುತ್ತದೆ. ‘ಔಷಧ ಹೊಡೆಸಿದೆವು, ಮತ್ತೆ ಬಂತು’ ಎಂಬ ಮಾತಿನ ಹಿಂದಿರುವ ಲೆಕ್ಕ ಇದು.

ಅದರ ಮೇಲೆ ಔಷಧ ನಿರೋಧ. ಡಿಡಿಟಿ ಬಂದಾಗ ತಿಗಣೆಯ ಕಥೆ ಮುಗಿಯಿತು ಎಂದುಕೊಂಡಿದ್ದರು. ಎರಡನೇ ಮಹಾಯುದ್ಧ ಮುಗಿದು ಎರಡು ಮೂರು ವರ್ಷದಲ್ಲೇ ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಬ್ಯಾರಕ್‌ಗಳಲ್ಲಿ ಡಿಡಿಟಿಗೆ ಸಾಯದ ತಿಗಣೆ ಕಾಣಿಸಿಕೊಂಡವು. ಈಗ ಅಂಗಡಿಯಲ್ಲಿ ಸಿಗುವ ಸ್ಪ್ರೇಗಳ ಪೈರಿಥ್ರಾಯ್ಡ್ ಗುಂಪಿನ ಔಷಧಗಳಿಗೂ ಜಗತ್ತಿನ ಬಹಳ ಕಡೆ ತಿಗಣೆ ಒಗ್ಗಿಹೋಗಿದೆ. ಕೋಣೆಯೊಳಗೆ ಹೊಗೆಯಂತೆ ಹರಡುವ ಡಬ್ಬಿಗಳನ್ನು ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಫಲಿತಾಂಶವೂ ನಿರಾಶೆಯದ್ದೇ: ಸಂದಿಯಲ್ಲಿ ಅವಿತ ತಿಗಣೆಗೆ ಆ ಹನಿಗಳು ತಲುಪುವುದೇ ಇಲ್ಲ.

ಹಿಂದೆ ಮನೆಮನೆಯ ತಿಗಣೆ ಔಷಧವಾಗಿದ್ದ ಡೈಕ್ಲೋರ್‌ವಾಸ್ ಬಗ್ಗೆ ಒಂದು ಮಾತು. ಹಳೆಯ ವಿಡಿಯೋಗಳಲ್ಲಿ ಇಂದಿಗೂ ಅದರ ಶಿಫಾರಸು ಕಾಣುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಆದೇಶದಂತೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದು ನಿಷೇಧಿತ. ಯಾರಾದರೂ ಲೇಬಲ್ ಇಲ್ಲದ ಬಾಟಲಿಯಲ್ಲಿ ‘ಹಳೇ ಸ್ಟ್ರಾಂಗ್ ಔಷಧ’ ಕೊಟ್ಟರೆ ತೆಗೆದುಕೊಳ್ಳಬೇಡಿ.

ಹಾಗಾದರೆ ಮಾಡುವುದೇನು? ಬಿಸಿ

ತಿಗಣೆ ಒಗ್ಗಿಕೊಳ್ಳಲಾಗದ ಅಸ್ತ್ರ ಶಾಖ. ಮೊಟ್ಟೆಯಿಂದ ದೊಡ್ಡದರವರೆಗೆ ಎಲ್ಲ ಹಂತಗಳೂ 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೆಚ್ಚು ಹೊತ್ತು ಬದುಕುವುದಿಲ್ಲ. ಹಾಸು, ದಿಂಬಿನ ಚೀಲ, ಹೊದಿಕೆ, ಪ್ರವಾಸದ ಬಟ್ಟೆಗಳನ್ನು 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಗೀಸರಿನ ನೀರು ಅಷ್ಟು ಬಿಸಿ ಇರದಿದ್ದರೆ ಕುದಿಸಿದ ನೀರು ಬೆರೆಸಿ ನೆನೆಸಬಹುದು. ಡ್ರೈಯರ್ ಇದ್ದರೆ ಹೆಚ್ಚಿನ ಶಾಖದಲ್ಲಿ ಅರ್ಧ ಗಂಟೆ. ತೊಳೆಯಲಾಗದ ಬಟ್ಟೆಗೆ ಇಸ್ತ್ರಿ, ಮುಖ್ಯವಾಗಿ ಹೊಲಿಗೆ ಮತ್ತು ಕಾಲರಿನ ಮೇಲೆ ನಿಧಾನವಾಗಿ. ಕೊಳೆ ಬಟ್ಟೆಯನ್ನು ಮನೆಯೆಲ್ಲ ಹೊತ್ತು ತಿರುಗಬೇಡಿ, ಹಾಸಿಗೆಯ ಪಕ್ಕದಲ್ಲೇ ಚೀಲಕ್ಕೆ ತುಂಬಿ ಗಂಟು ಹಾಕಿ ಒಯ್ಯಿರಿ.

ಮಂಚವನ್ನು ಬಿಚ್ಚಿ. ಅಜ್ಜಿಯರು ಹೊರಸನ್ನು ಅಂಗಳಕ್ಕೆ ತಂದು ಕುಟ್ಟಿ, ಕೀಲುಗಳಿಗೆ ಕುದಿಯುವ ನೀರು ಹೊಯ್ಯುತ್ತಿದ್ದದ್ದು ಸರಿಯಾದ ವಿಜ್ಞಾನವೇ. ಇಂದಿನ ಪ್ಲೈವುಡ್ ಮಂಚ ಅಷ್ಟು ನೀರು ತಡೆಯದು. ಅದಕ್ಕೆ ಬಟ್ಟೆಗೆ ಬಳಸುವ ಸ್ಟೀಮರ್ ಸಂದಿಯ ಉದ್ದಕ್ಕೂ ನಿಧಾನವಾಗಿ ಎಳೆಯಿರಿ. ವೇಗವಾಗಿ ಹಾಯಿಸಿದರೆ ಹಬೆಯ ರಭಸಕ್ಕೆ ತಿಗಣೆ ಹಾರಿ ಬೇರೆ ಕಡೆ ಬೀಳುತ್ತದೆ. ವಿದ್ಯುತ್ ಬೋರ್ಡಿಗೆ ಹಬೆ ಬೇಡ. ವ್ಯಾಕ್ಯೂಮ್ ಇದ್ದರೆ ಹೊಲಿಗೆಗಳನ್ನು ಎಳೆದು, ಒಳಗಿನದನ್ನು ತಕ್ಷಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯ ಹೊರಗೆ ಹಾಕಿ.

ಹಾಸಿಗೆಯನ್ನು ಬಿಸಿಲಿಗೆ ಹಾಕುವುದರಿಂದ ಪ್ರಯೋಜನವಿದೆಯೇ ಎಂದು ಹಲವರು ಕೇಳುತ್ತಾರೆ. ಮೇಲ್ಮೈ ಬಿಸಿಯಾದಂತೆ ತಿಗಣೆ ಹತ್ತಿಯ ಒಳಕ್ಕೋ ನೆರಳಿನ ಬದಿಗೋ ಸರಿಯುತ್ತದೆ. ದಪ್ಪ ಹಾಸಿಗೆಯ ನಡುಭಾಗ ನಮ್ಮ ಏಪ್ರಿಲ್ ಬಿಸಿಲಲ್ಲೂ 50 ಡಿಗ್ರಿ ಮುಟ್ಟುವುದು ಕಷ್ಟ. ತೆಳು ಬಟ್ಟೆಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಾರಸಿಯ ಸುಡುಬಿಸಿಲಿಗೆ ಇಟ್ಟರೆ ಸಾಕಷ್ಟು ಕೆಲಸ ಆಗಬಹುದು. ಹಾಸಿಗೆಗೆ ಅದಕ್ಕಿಂತ ಉತ್ತಮ ಉಪಾಯ, ಸುತ್ತಲೂ ಜಿಪ್ ಇರುವ ಪೂರ್ತಿ ಮುಚ್ಚಿಗೆ. ಒಳಗಿದ್ದವು ಹೊರಬರಲಾಗದೆ ಹಸಿವಿನಿಂದ ಸಾಯುತ್ತವೆ. ಆದರೆ ತಿಗಣೆ ಊಟವಿಲ್ಲದೆ ತಿಂಗಳುಗಟ್ಟಲೆ ತಡೆಯಬಲ್ಲದು, ತಂಪು ಹವೆಯಲ್ಲಿ ಒಂದು ವರ್ಷದವರೆಗೂ. ಹಾಗಾಗಿ ಆ ಮುಚ್ಚಿಗೆಯನ್ನು ವರ್ಷಕ್ಕೂ ಹೆಚ್ಚು ಕಾಲ ತೆಗೆಯಬಾರದು.

ಪುಸ್ತಕ, ಗೊಂಬೆ, ಚಪ್ಪಲಿಯಂಥವಕ್ಕೆ ಫ್ರೀಜರ್ ಆಗುತ್ತದೆ, ಅದು ನಿಜಕ್ಕೂ ಮೈನಸ್ 18 ಡಿಗ್ರಿ ಇದ್ದು ನಾಲ್ಕು ದಿನ ಒಳಗಿಟ್ಟರೆ. ಒಂದೇ ಬಾಗಿಲಿನ ಹಳೆಯ ಫ್ರಿಜ್ಜಿನ ಐಸ್ ಪೆಟ್ಟಿಗೆಯನ್ನು ನಂಬಬೇಡಿ.

ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಹೊದಿಕೆ ನೆಲಕ್ಕೆ ತಾಗದಂತೆ ನೋಡಿ, ಕಾಲುಗಳ ಕೆಳಗೆ ನುಣುಪಾದ ಪ್ಲಾಸ್ಟಿಕ್ ಬಟ್ಟಲು ಇಡಿ. ಹತ್ತಿ ಬಂದದ್ದು ಬಟ್ಟಲಿನಲ್ಲಿ ಸಿಕ್ಕಿಬೀಳಬಹುದು, ಎಷ್ಟು ಉಳಿದಿವೆ ಎಂಬ ಅಂದಾಜೂ ಸಿಗಬಹುದು. ಮತ್ತೆ, ಹೆದರಿ ಹಾಲಿನ ಸೋಫಾಕ್ಕೋ ಮಕ್ಕಳ ಕೋಣೆಗೋ ಮಲಗುವ ಜಾಗ ಬದಲಿಸಬೇಡಿ. ನಿಮ್ಮನ್ನು ಹುಡುಕಿಕೊಂಡು ಅವೂ ಬರುತ್ತವೆ, ಒಂದು ಕೋಣೆಯ ಸಮಸ್ಯೆ ಮೂರು ಕೋಣೆಯದಾಗುತ್ತದೆ. ಹಾಸಿಗೆಯನ್ನು ಬೀದಿಗೆ ಎಸೆದರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಎಸೆಯಲೇಬೇಕಿದ್ದರೆ ಹರಿದು, ‘ತಿಗಣೆ ಇದೆ’ ಎಂದು ದೊಡ್ಡದಾಗಿ ಬರೆದು ಹಾಕಿ.

ಉಳಿದ ಫಾರ್ವರ್ಡ್‌ಗಳು

ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್: ನೇರವಾಗಿ ತಾಗಿದ ತಿಗಣೆ ಸಾಯಬಹುದು, ಹಾಸಿಗೆ ಮಾತ್ರ ಬೆಂಕಿಕಡ್ಡಿಗಾಗಿ ಕಾಯುವ ಪಂಜು. ಖಂಡಿತ ಬೇಡ. ಕರ್ಪೂರ, ಬೇವಿನ ಸೊಪ್ಪು, ಪುದೀನ, ಲವಂಗದ ಎಣ್ಣೆ: ಹಾನಿ ಕಡಿಮೆ, ಮನೆಯ ತಿಗಣೆ ಮುಗಿಸುವಷ್ಟು ಶಕ್ತಿಯೂ ಇಲ್ಲ. ಪ್ಲಗ್ಗಿಗೆ ಹಾಕುವ ಶ್ರವಣಾತೀತ ಶಬ್ದದ ಯಂತ್ರಕ್ಕೆ ಕೊಡುವ ದುಡ್ಡು ಹಾಸಿಗೆ ಮುಚ್ಚಿಗೆಗೆ ಕೊಡಿ.

ಹಳೆಯ ಮದ್ದುಗಳೆಲ್ಲ ಸುಳ್ಳು ಎಂದಲ್ಲ. ಪೂರ್ವ ಯುರೋಪಿನ ಬಾಲ್ಕನ್ ಸೀಮೆಯಲ್ಲಿ ರಾತ್ರಿ ಮಂಚದ ಸುತ್ತ ಹುರುಳಿಕಾಯಿ ಗಿಡದ ಎಲೆ ಹರಡಿ, ಬೆಳಗ್ಗೆ ಅದಕ್ಕೆ ಸಿಕ್ಕಿಬಿದ್ದ ತಿಗಣೆಗಳೊಂದಿಗೆ ಗುಡಿಸಿ ಸುಡುತ್ತಿದ್ದರು. 2013ರಲ್ಲಿ ಅಮೆರಿಕದ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಲೆಯ ಮೇಲಿನ ಕೊಕ್ಕೆಯಂಥ ರೋಮಗಳು ತಿಗಣೆಯ ಕಾಲಿಗೆ ಚುಚ್ಚಿ ಹಿಡಿದಿದ್ದವು. ವಾಸನೆಯಲ್ಲ, ವಿಷವಲ್ಲ, ಬರೀ ಮುಳ್ಳು. ಆ ರೋಮವನ್ನು ಕೃತಕವಾಗಿ ಮಾಡಿ ನೋಡಿದಾಗ ತಿಗಣೆಯ ಕಾಲು ಸಿಕ್ಕಿದರೂ ಎಲೆಯಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ನಮಗೆ ಈ ಕಥೆ ಇಷ್ಟ, ಆದರೆ ಹಾಸಿಗೆಗೆ ಹುರುಳಿಕಾಯಿ ಎಲೆ ಹರಡಿ ಎಂಬ ಹೊಸ ಫಾರ್ವರ್ಡ್ ಮಾಡಬೇಡಿ!

ಕೈಮೀರಿದರೆ

ಹಲವು ಕೋಣೆಗಳಿಗೆ ಹರಡಿದ್ದರೆ, ಅಥವಾ ಪಿಜಿ, ಅಪಾರ್ಟ್‌ಮೆಂಟ್‌ಗಳಲ್ಲಿ, ಪರವಾನಗಿ ಇರುವ ಕೀಟ ನಿಯಂತ್ರಕರನ್ನು ಕರೆಯುವುದೇ ಸರಿ. ಬಂದವರಿಗೆ ಮೂರು ಪ್ರಶ್ನೆ ಕೇಳಿ. ಯಾವ ಔಷಧ, ಹೆಸರು ಬರೆದುಕೊಡಿ. ಎಷ್ಟು ಹೊತ್ತು ಒಳಗೆ ಬರಬಾರದು. ಎರಡನೇ ಸಲ ಯಾವಾಗ ಬರುತ್ತೀರಿ. ಎರಡು ವಾರದ ಹೊತ್ತಿಗೆ ಮೊಟ್ಟೆಗಳು ಒಡೆದಿರುತ್ತವೆ, ಆಗ ಮತ್ತೆ ಬಾರದವರ ಕೆಲಸ ಅರ್ಧ. ಮಾತ್ರೆ ಇಡುತ್ತೇವೆ ಎಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. ಮನೆ ಮಾಲೀಕರು, ಪಿಜಿ ನಡೆಸುವವರು ಔಷಧ ಹಾಕಿಸಿದರೆ ಅಂದೇ ಎಲ್ಲ ಬಾಡಿಗೆದಾರರಿಗೂ, ಊರಿಗೆ ಹೋದವರಿಗೂ ಫೋನ್ ಮಾಡಿ ತಿಳಿಸಲೇಬೇಕು. ಬಾಗಿಲಿಗೆ ಒಂದು ಚೀಟಿಯನ್ನೂ ಅಂಟಿಸಿ. ಪ್ರಯಾಣದಿಂದ ಬಂದವರು ಮಾಡುವ ಮೊದಲ ಕೆಲಸ ಬಾಗಿಲು ಹಾಕಿ ಮಲಗುವುದು. ಔಷಧ ಹಾಕಿದ ಮನೆಯಾದರೆ ಕಿಟಕಿ ಬಾಗಿಲು ತೆರೆದು, ಫ್ಯಾನ್ ಹಾಕಿ, ಹೇಳಿದ ಅವಧಿ ಮುಗಿಯುವವರೆಗೆ ಹೊರಗಿರಿ. ತೆರೆದಿಟ್ಟಿದ್ದ ಕುಡಿಯುವ ನೀರು, ಆಹಾರವನ್ನು ಚೆಲ್ಲಿ.

ಪಕ್ಕದ ಮನೆಯವರಿಗೂ ಹೇಳಿ. ಮುಜುಗರ ಆಗುತ್ತದೆ, ಗೊತ್ತು. ಆದರೆ ತಿಗಣೆ ನಿಮ್ಮ ಮನೆಯಿಂದ ಅವರಲ್ಲಿಗೆ ಹೋಗಿದ್ದರೆ ನಿಮ್ಮಲ್ಲಿ ಮುಗಿಸಿದ ಮೇಲೂ ಅಲ್ಲಿಂದ ವಾಪಸ್ ಬರುತ್ತದೆ. ಅವರು ಗುಟ್ಟಾಗಿ ಮಾತ್ರೆ ಇಡುವುದನ್ನು ತಪ್ಪಿಸಲೂ ಇದೇ ದಾರಿ.

ಟ್ರಾಲಿ ಬ್ಯಾಗನ್ನು ಈಗಲೇ ಮಂಚದ ಕೆಳಗಿನಿಂದ ತೆಗೆಯಿರಿ. ಬಾಲ್ಕನಿಯಲ್ಲಿ ಗಟ್ಟಿ ಬ್ರಷ್‌ನಿಂದ ಜಿಪ್, ಚಕ್ರ, ಒಳ ಅಸ್ತರಿ ಉಜ್ಜಿ, ಹಬೆ ಹಾಯಿಸಿ, ದೊಡ್ಡ ಚೀಲದಲ್ಲಿ ಕಟ್ಟಿಡಿ. ಮುಂದಿನ ಪ್ರವಾಸದಲ್ಲಿ ಲಾಡ್ಜಿನ ಕೋಣೆಗೆ ಹೋದಾಗ ಅದನ್ನು ಮೊದಲು ಬಚ್ಚಲಿನ ಟೈಲ್ಸ್ ನೆಲದ ಮೇಲಿಟ್ಟು, ಹಾಸಿಗೆಯ ಮೂಲೆ ಎತ್ತಿ ಟಾರ್ಚ್ ಹಾಕಿ ನೋಡಿ, ಆಮೇಲೆ ಬಿಚ್ಚಿ. ಮನೆಯಲ್ಲಿ ವಾರಕ್ಕೊಮ್ಮೆ ಮಂಚದ ಕಾಲಿನ ಬಟ್ಟಲು, ಹಾಸಿಗೆಯ ಹೊಲಿಗೆ ನೋಡುತ್ತಿರಿ. ಎಂಟು ವಾರ ಸತತವಾಗಿ ಹೊಸ ಕಚ್ಚು, ಹೊಸ ಚುಕ್ಕಿ, ಬಟ್ಟಲಿನಲ್ಲಿ ಹುಳು ಒಂದೂ ಕಾಣದಿದ್ದರೆ ಮಂಚವನ್ನು ಮತ್ತೆ ಗೋಡೆಗೆ ಸರಿಸಬಹುದು.